ಸ್ಪ್ಯಾನಿಷ್ ಆಡುಮಾತು ಇಂಗ್ಲಿಷಿಗೆ: ಎರಡರ್ಥದ ಮಾತುಗಳನ್ನು ಅನುವಾದಿಸಲು ಒಂದು ಸಮಗ್ರ ಮಾರ್ಗದರ್ಶಿ

ಕೊಲಂಬಿಯಾದ ಬೊಗೋತಾ. ಬೆಳಗಿನ ಹೊತ್ತು, ಒಂದು ಕಾಫಿ ಅಂಗಡಿ. ಗಿರಾಕಿಯೊಬ್ಬ ಬಂದು ಕೇಳುತ್ತಾನೆ: "ಮೆ ರೆಗಾಲಾ ಉನ್ ತಿಂತೊ?"

ನಿಘಂಟು ತೆಗೆಯಿರಿ. ರೆಗಾಲಾರ್ ಅಂದರೆ ಉಡುಗೊರೆ ಕೊಡುವುದು. ತಿಂತೊ ಅಂದರೆ ಕೆಂಪು ವೈನ್. ಅಲ್ಲಿಗೆ "ನನಗೊಂದು ಕೆಂಪು ವೈನ್ ಉಡುಗೊರೆ ಕೊಡ್ತೀರಾ?" ಅಂತಾಯಿತು. ಬೆಳಿಗ್ಗೆ ಬೆಳಿಗ್ಗೆ, ಕಾಫಿ ಅಂಗಡಿಯಲ್ಲಿ, ಪುಕ್ಕಟೆ ವೈನ್!

ಅವನು ಕೇಳಿದ್ದು ಒಂದು ಕಪ್ಪು ಕಾಫಿ, ಅಷ್ಟೇ. ದುಡ್ಡು ಕೊಟ್ಟೇ ಕುಡಿಯುತ್ತಾನೆ. ಸ್ಪೇನ್‌ನಲ್ಲಿ ವೈನ್ ಆಗಿರುವ ತಿಂತೊ ಕೊಲಂಬಿಯಾದಲ್ಲಿ ಹಾಲು ಹಾಕದ ಕಾಫಿ. ಅಲ್ಲಿ ಏನನ್ನಾದರೂ ನಯವಾಗಿ ಕೇಳಬೇಕಾದರೆ "ಉಡುಗೊರೆ ಕೊಡ್ತೀರಾ" ಅನ್ನುವುದು ವಾಡಿಕೆ. "ನಿಮ್ಮ ಸಹಿ ಉಡುಗೊರೆ ಕೊಡಿ" ಅಂತ ಬ್ಯಾಂಕಿನವರೂ ಕೇಳುತ್ತಾರೆ. ಇಂಗ್ಲಿಷಿಗೆ ಬಂದರೆ "ಕ್ಯಾನ್ ಐ ಗೆಟ್ ಎ ಬ್ಲ್ಯಾಕ್ ಕಾಫಿ, ಪ್ಲೀಸ್?" ಅಂದರೆ ಸಾಕು. ನಿಘಂಟಿನಲ್ಲಿ ಮೊದಲು ಕಾಣುವ ಅರ್ಥಗಳೆಲ್ಲ ಸರಿಯೇ ಇದ್ದವು. ಅನುವಾದ ಮಾತ್ರ ಪೂರ್ತಿ ತಪ್ಪು.

ಬೆಂಗಳೂರಿನಲ್ಲಿ ಕೂತು ಸ್ಪ್ಯಾನಿಷ್ ಗಿರಾಕಿಗಳ ಮೇಲ್, ಚಾಟ್, ದೂರುಗಳನ್ನು ಇಂಗ್ಲಿಷಿಗೆ ತರುವವರು ಈಗ ಕಡಿಮೆ ಏನಿಲ್ಲ. ನಾನೂ ಅದೇ ಕೆಲಸದವಳು. ಸ್ಪ್ಯಾನಿಷ್ ವ್ಯಾಕರಣ ಒಂದು ಮಟ್ಟಕ್ಕೆ ಕಲಿತು, "ಪದ ಎಲ್ಲಾ ಗೊತ್ತು, ಆದರೂ ಅರ್ಥ ಆಗ್ತಿಲ್ಲ" ಅನ್ನುವ ಹಂತದಲ್ಲಿ ಇರುವವರಿಗಾಗಿ ಇದನ್ನು ಬರೆದಿದ್ದೇನೆ. ನಾನು ತಡವಾಗಿ ಕಂಡುಕೊಂಡ ಒಂದು ವಿಷಯ ಇದೆ: ಸ್ಪ್ಯಾನಿಷ್‌ನಿಂದ ಇಂಗ್ಲಿಷಿಗೆ ನೇರ ದಾರಿ ಹಿಡಿಯುವುದಕ್ಕಿಂತ ಕನ್ನಡದ ಮನೆಗೆ ಹೊಕ್ಕು ಹೊರಟರೆ ಎಷ್ಟೋ ಸಲ ಬೇಗ ತಲುಪುತ್ತೇವೆ. ಯಾಕೆ ಅಂತ ಮೂರನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಸ್ಪ್ಯಾನಿಷ್ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಅದರಿಂದ ನಷ್ಟವಿಲ್ಲ. ಅವರ ತ, ದ ನಮ್ಮ ತ, ದ ಥರವೇ. ಇಂಗ್ಲಿಷಿನ ಟ, ಡ ಅಲ್ಲ. ಎಚ್ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ವಿ ಅಕ್ಷರವನ್ನು ಬ ಅಂತಲೇ ಓದುತ್ತಾರೆ.

ಹೆಜ್ಜೆ 1: ಮೊದಲು ಊರು, ಆಮೇಲೆ ಅರ್ಥ

ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ತಾಯ್ನುಡಿಯಾಗಿ ಆಡುವವರೇ ಸುಮಾರು 50 ಕೋಟಿ ಜನ. ಹಾಗಾಗಿ "ಈ ಪದಕ್ಕೆ ಏನರ್ಥ?" ಅನ್ನುವ ಪ್ರಶ್ನೆಯೇ ಅರ್ಧ. "ಯಾವ ಊರಿನಲ್ಲಿ?" ಅಂತ ಸೇರಿಸಿದರೆ ಪೂರ್ತಿ.

ತೋರ್ತಾ ತಗೊಳ್ಳಿ. ಮೆಕ್ಸಿಕೋದಲ್ಲಿ ಅದು ಬನ್ನಿನ ಸ್ಯಾಂಡ್‌ವಿಚ್. ಅರ್ಜೆಂಟೀನಾದಲ್ಲಿ ಕೇಕ್. ಸ್ಪೇನ್‌ನ ಆಡುಮಾತಿನಲ್ಲಿ ಕಪಾಳಕ್ಕೆ ಬೀಳುವ ಏಟಿಗೂ ಅದೇ ಹೆಸರು. ಗ್ವಾಗ್ವಾ ಅಂದರೆ ಕ್ಯೂಬಾದಲ್ಲಿ ಬಸ್ಸು, ಚಿಲಿಯಲ್ಲಿ ಹಸುಗೂಸು. ಮಾಂತೆಕಾ ಅರ್ಜೆಂಟೀನಾದಲ್ಲಿ ಬೆಣ್ಣೆ, ಮೆಕ್ಸಿಕೋದಲ್ಲಿ ಹಂದಿ ಕೊಬ್ಬು. ಅಡುಗೆ ವಿಧಾನ ಅನುವಾದಿಸುವಾಗ ಇದನ್ನು ತಪ್ಪಿದರೆ ಸಸ್ಯಾಹಾರಿಗಳ ಮನೆಯಲ್ಲಿ ಏನಾದೀತು, ನೀವೇ ಯೋಚಿಸಿ. ಇನ್ನು ಕೊಹೆರ್ ಅನ್ನುವ ಕ್ರಿಯಾಪದ. ಸ್ಪೇನ್‌ನಲ್ಲಿ ಬಸ್ಸು ಹಿಡಿಯುವುದಕ್ಕೂ ಫೋನ್ ಎತ್ತುವುದಕ್ಕೂ ಅದನ್ನೇ ಬಳಸುತ್ತಾರೆ. ಮೆಕ್ಸಿಕೋ, ಅರ್ಜೆಂಟೀನಾದಲ್ಲಿ ಅದೇ ಪದ ನಾಲ್ಕು ಜನರ ಮುಂದೆ ಆಡುವಂಥದ್ದಲ್ಲ.

ಹೊರಗೆ ಮುಗ್ಧವಾಗಿ ಕಾಣುವ ಪದಗಳೇ ಜಾಸ್ತಿ ಮೋಸ ಮಾಡುತ್ತವೆ. "ಮೆ ದಾ ಪೇನಾ" ಅಂತ ಸ್ಪೇನ್‌ನವರು ಅಂದರೆ ಮನಸ್ಸಿಗೆ ಬೇಸರವಾಗಿದೆ, ಪಾಪ ಅನ್ನಿಸುತ್ತಿದೆ ಅಂತ. ಮೆಕ್ಸಿಕೋದವರು, ಕೊಲಂಬಿಯಾದವರು ಅಂದರೆ ಮುಜುಗರ ಆಗ್ತಿದೆ, ನಾಚಿಕೆ ಆಗ್ತಿದೆ ಅಂತ. "ಐ ಫೀಲ್ ಸ್ಯಾಡ್" ಮತ್ತು "ಐ ಆಮ್ ಎಂಬ್ಯಾರಸ್ಡ್" ನಡುವೆ ಎಷ್ಟು ದೂರ, ಅಲ್ವಾ?

ಊರು ಪತ್ತೆ ಮಾಡುವುದು ಹೇಗೆ? ಪತ್ತೇದಾರಿ ಕೆಲಸ ಏನಲ್ಲ. ಫೋನ್ ನಂಬರ್ ಇದ್ದರೆ ಶುರುವಿನ ಅಂಕಿ ನೋಡಿ: 34 ಸ್ಪೇನ್, 52 ಮೆಕ್ಸಿಕೋ, 54 ಅರ್ಜೆಂಟೀನಾ, 57 ಕೊಲಂಬಿಯಾ. ಹಣದ ಹೆಸರು ನೋಡಿ: ಯೂರೋ ಇದ್ದರೆ ಸ್ಪೇನ್, ಸೋಲ್ ಇದ್ದರೆ ಪೆರು, ಕೆತ್ಸಾಲ್ ಇದ್ದರೆ ಗ್ವಾಟೆಮಾಲಾ. ಪೆಸೊ ಒಂದನ್ನೇ ನೋಡಿ ತೀರ್ಮಾನಿಸಬೇಡಿ, ಅದು ಹಲವು ದೇಶಗಳಲ್ಲಿದೆ. ಕಂಪ್ಯೂಟರಿಗೆ ಓರ್ದೆನಾದೋರ್ ಅಂದರೆ ಸ್ಪೇನ್‌ನವರು. ಕೊಂಪುತಾದೋರಾ ಅಥವಾ ಕೊಂಪುತಾದೋರ್ ಅಂದರೆ ಅಮೆರಿಕ ಖಂಡದವರು. "ನೀವೆಲ್ಲ" ಅನ್ನುವುದಕ್ಕೆ ಬೊಸೋತ್ರೋಸ್ ಬಂದರೆ ಸ್ಪೇನ್. "ನೀನು" ಅನ್ನುವುದಕ್ಕೆ ಬೋಸ್ ಬಂದರೆ ಅರ್ಜೆಂಟೀನಾ, ಉರುಗ್ವೆ, ಇಲ್ಲವೇ ಮಧ್ಯ ಅಮೆರಿಕದ ಕಡೆ ಹುಡುಕಿ. ಮಾತು ಮಾತಿಗೆ "ಬಾಲೆ, ಬಾಲೆ" ಅನ್ನುತ್ತಿದ್ದರೆ ಹುಡುಗಿಯನ್ನು ಕರೆಯುತ್ತಿಲ್ಲ. ಅದು ಸ್ಪೇನ್‌ನವರ "ಓಕೆ, ಓಕೆ".

ಹೆಜ್ಜೆ 2: ಯಾರು, ಯಾರಿಗೆ?

ಕನ್ನಡದಲ್ಲಿ "ತಡವಾಗಿ ಬಂದ", "ಬಂದಳು", "ಬಂತು", "ಬಂದರು" ಅಂದ ಕೂಡಲೇ ಬಂದವರು ಯಾರು ಅಂತ ಅರ್ಧ ಗೊತ್ತಾಗುತ್ತದೆ. ಸ್ಪ್ಯಾನಿಷ್‌ನಲ್ಲಿ "ಯೆಗೋ ತಾರ್ದೆ" ಅಂದರೆ ಅವನೂ ಆಗಬಹುದು, ಅವಳೂ ಆಗಬಹುದು, ಪಾರ್ಸೆಲ್ಲೂ ಆಗಬಹುದು, ಎದುರಿಗಿರುವ ನೀವೂ ಆಗಬಹುದು. ಕರ್ತೃವನ್ನು ಬಾಯಿಬಿಟ್ಟು ಹೇಳುವ ಅಗತ್ಯವೂ ಅವರಿಗಿಲ್ಲ. ಇಂಗ್ಲಿಷಿಗೆ ಮಾತ್ರ ಒಂದು ಸರ್ವನಾಮ ಬೇಕೇ ಬೇಕು. ಇಲ್ಲಿ ಯಂತ್ರಾನುವಾದ ಹೆಚ್ಚಿನ ಸಲ ಸುಮ್ನೆ "ಹಿ" ಅಂತ ಹಾಕಿ ಮುಂದೆ ಹೋಗುತ್ತದೆ. ನೀವು ಹಾಗೆ ಮಾಡಬೇಡಿ. ಹಿಂದಿನ ನಾಲ್ಕು ಸಾಲು ಓದಿ. ಅಲ್ಲೂ ಸಿಗದಿದ್ದರೆ ಹೆಸರನ್ನೇ ಮತ್ತೆ ಬರೆಯಿರಿ, ಅಥವಾ "ದೇ" ಬಳಸಿ.

ಸು ಅನ್ನುವ ಒಂದೇ ಅಕ್ಷರದ ಪದ ಇನ್ನೂ ಕಿತಾಪತಿ. ಅವನ, ಅವಳ, ಅದರ, ಅವರ, ನಿಮ್ಮ ಎಲ್ಲವೂ ಅದೇ. ಮೆಕ್ಸಿಕೋದಲ್ಲಿ ಇದಕ್ಕೊಂದು ಉಪಚಾರದ ಪದರವೂ ಇದೆ. ಅಲ್ಲಿನ ಹಳೇ ಕಾಲದ ಮರ್ಯಾದಸ್ಥರು ತಮ್ಮ ಸ್ವಂತ ಮನೆಯನ್ನೇ "ಸು ಕಾಸಾ", ಅಂದರೆ "ನಿಮ್ಮ ಮನೆ", ಅನ್ನುತ್ತಾರೆ. "ಶನಿವಾರ ನಿಮ್ಮ ಮನೆಯಲ್ಲಿ ಊಟ ಇಟ್ಟುಕೊಂಡಿದ್ದೇವೆ" ಅಂದರೆ ಊಟ ಅವರ ಮನೆಯಲ್ಲಿ! ನಾವೂ "ನಿಮ್ಮನೆ ಅಂತಲೇ ಅಂದ್ಕೊಳ್ಳಿ" ಅನ್ನುತ್ತೇವೆ, ಆದರೆ ವಿಳಾಸ ಹೇಳುವಾಗ ಅಲ್ಲ. ಇಂಗ್ಲಿಷಿಗೆ "ಅವರ್ ಪ್ಲೇಸ್" ಅಂತಲೇ ತನ್ನಿ. ಇಲ್ಲದಿದ್ದರೆ ಅತಿಥಿ ತನ್ನ ಮನೆಯಲ್ಲಿ ಅಡುಗೆ ಮಾಡಿಟ್ಟುಕೊಂಡು ಕಾಯುತ್ತಾನೆ.

ತೂ ಮತ್ತು ಉಸ್ತೆದ್ ನಮಗೆ ಹೊಸದಲ್ಲ. ನೀನು, ನೀವು. ಇಂಗ್ಲಿಷಿನಲ್ಲಿ ಎರಡೂ "ಯು". ಆ ಬಿಸಿ, ಆ ದೂರ ಬೇರೆ ಕಡೆಯಿಂದ ಬರಬೇಕು: ಹೆಸರು ಹಿಡಿದು ಕರೆಯುವುದೋ, "ಮಿಸ್ಟರ್" ಸೇರಿಸುವುದೋ, "ಕುಡ್ ಯು" ಅನ್ನುವುದೋ "ಗಿವ್ ಮಿ" ಅನ್ನುವುದೋ. ಇಬ್ಬರು ಉಸ್ತೆದ್ ಬಿಟ್ಟು ತೂ ಹಿಡಿಯೋಣ ಅಂತ ಮಾತಾಡಿಕೊಂಡರೆ, "ಪ್ಲೀಸ್, ಕಾಲ್ ಮಿ ಮರಿಯಾ" ಅನ್ನುವ ಥರದ ಸಾಲು ಆ ಕೆಲಸ ಮಾಡುತ್ತದೆ. ಒಂದು ಎಚ್ಚರಿಕೆ. ಬೊಗೋತಾದ ಕಡೆ ಗೆಳೆಯರು, ಅಣ್ಣತಮ್ಮಂದಿರು, ಗಂಡ ಹೆಂಡತಿ ಕೂಡ ಉಸ್ತೆದ್ ಅಂದುಕೊಳ್ಳುವುದುಂಟು. ಅಲ್ಲಿ ಉಸ್ತೆದ್ ಕಂಡ ಕೂಡಲೇ ಇಂಗ್ಲಿಷಿಗೆ ಕೋಟು ಟೈ ಹಾಕಬೇಡಿ.

ಹೆಜ್ಜೆ 3: ಕನ್ನಡದಲ್ಲಿ ಒಮ್ಮೆ ಹೇಳಿಕೊಳ್ಳಿ

ಈಗ ನಾನು ಹೇಳಿದ ಕನ್ನಡದ ಮನೆಗೆ ಬರೋಣ. ಸಾಲು ಓದಿದ ಮೇಲೆ, ಇಂಗ್ಲಿಷ್ ಬರೆಯುವ ಮೊದಲು, ಅದನ್ನು ನಿಮ್ಮ ಮನೆಯ ಕನ್ನಡದಲ್ಲಿ ಬಾಯಿಬಿಟ್ಟು ಹೇಳಿ. ಪುಸ್ತಕದ ಕನ್ನಡ ಬೇಡ.

ಯಾಕೆಂದರೆ ಎಷ್ಟೋ ಕಡೆ ಸ್ಪ್ಯಾನಿಷ್ ಜಾಯಮಾನ ಇಂಗ್ಲಿಷಿಗಿಂತ ನಮಗೆ ಹತ್ತಿರ. "ಮೆ ಗುಸ್ತಾ ಎಲ್ ಕಾಫೆ" ಅನ್ನುವುದನ್ನು ಇಂಗ್ಲಿಷ್ ಮೂಲಕ ಕಲಿಯುವವರು ತಿಂಗಳುಗಟ್ಟಲೆ ಒದ್ದಾಡುತ್ತಾರೆ. ನಮಗೆ ಅದು "ನನಗೆ ಕಾಫಿ ಇಷ್ಟ", ಅಷ್ಟೇ. ಇಷ್ಟಪಡುವವನು ಕರ್ತೃ ಅಲ್ಲ. ಅವನಿಗೆ "ಗೆ" ಹತ್ತಿದೆ.

ಅದೇ ದಾರಿಯಲ್ಲಿ "ಸೆ ಮೆ ಕಾಯೋ" ಬರುತ್ತದೆ. ಬೀಳಿಸಿದವನು ನಾನೇ ಆದರೂ ವಾಕ್ಯದ ರೂಪ "ಅದು ನನ್ನ ಕೈಯಿಂದ ಬಿತ್ತು" ಅಂತ. ನಮ್ಮಲ್ಲೂ "ಲೋಟ ಬೀಳಿಸಿದೆ" ಅನ್ನುವುದಕ್ಕಿಂತ "ಕೈಜಾರಿ ಬಿತ್ತು" ಅನ್ನುವವರೇ ಜಾಸ್ತಿ. ಇಂಗ್ಲಿಷಿನ ಸಹಜ ರೂಪ "ಐ ಡ್ರಾಪ್ಡ್ ಇಟ್". ಮಾತುಕತೆಯಲ್ಲಿ ಅದೇ ಸರಿ. ಆದರೆ ಇದು ವಿಮೆಯ ಅರ್ಜಿಯಲ್ಲೋ ಪೊಲೀಸ್ ಹೇಳಿಕೆಯಲ್ಲೋ ಬಂದರೆ ನಿಲ್ಲಿ. "ಐ ಡ್ರಾಪ್ಡ್ ಇಟ್" ಅಂದರೆ ಹೊಣೆ ಅವನ ತಲೆಗೆ. "ಇಟ್ ಸ್ಲಿಪ್ಡ್ ಔಟ್ ಆಫ್ ಮೈ ಹ್ಯಾಂಡ್ಸ್" ಅಂದರೆ ಆಕಸ್ಮಿಕ. ಆಡಿದವನು ತಪ್ಪು ಒಪ್ಪಿಕೊಂಡಿಲ್ಲ. ನೀವು ಅವನ ಪರವಾಗಿ ಒಪ್ಪಿಕೊಂಡುಬಿಡಬಾರದು. "ಸೆ ಮೆ ಒಲ್ಬಿದೋ" ಅನ್ನುವುದೂ ಹೀಗೇ: "ಮರೆತೇ ಹೋಯ್ತು". "ಮರೆತೆ" ಅಲ್ಲ.

ನೆಂಟಸ್ತಿಕೆಯ ಪದಗಳಲ್ಲಿ ಇಂಗ್ಲಿಷ್ ಬಡವಾದರೆ ನಾವೂ ಸ್ಪ್ಯಾನಿಷ್‌ನವರೂ ಸಾಹುಕಾರರು. ಕೊನ್‌ಸ್ವೆಗ್ರೋಸ್ ಅಂದರೆ ಬೀಗರು. ಬೇರೆ ಮಾತೇ ಬೇಡ. ಆದರೆ ಬೀಗರನ್ನು ಇಂಗ್ಲಿಷಿಗೆ ತರುವಾಗ "ಮೈ ಡಾಟರ್ಸ್ ಇನ್-ಲಾಸ್" ಅಂತ ಸುತ್ತಿ ಹೇಳಬೇಕು, ಅದಕ್ಕೆ ಮದುವೆಯಾದದ್ದು ಮಗಳೋ ಮಗನೋ ಅಂತ ಗೊತ್ತಿರಬೇಕು. ಕೊಂಕುನ್ಯಾದೊ ಷಡ್ಡಕ ಆಗಬಹುದು, ಕೊಂಕುನ್ಯಾದಾ ವಾರಗಿತ್ತಿ ಆಗಬಹುದು. ಅವರ ಪದ ನಮ್ಮದಕ್ಕಿಂತ ಸ್ವಲ್ಪ ಅಗಲ, ಹಾಗಾಗಿ ಸಂಬಂಧ ಬಿಡಿಸಿ ನೋಡಿಯೇ ಬರೆಯಿರಿ. ಭಾರತದ ಇಂಗ್ಲಿಷಿನ "ಕೋ-ಬ್ರದರ್" ಅಮೆರಿಕದವರಿಗೆ ಅರ್ಥವಾಗುವುದಿಲ್ಲ.

ದಿನದ ಲೆಕ್ಕವೂ ಹಾಗೇ. "ಓಚೊ ದಿಯಾಸ್" ಅಂದರೆ ಎಂಟು ದಿನ, "ಕಿನ್ಸೆ ದಿಯಾಸ್" ಅಂದರೆ ಹದಿನೈದು ದಿನ. "ಹದಿನೈದು ದಿನ ಬಿಟ್ಟು ಬಾ" ಅಂತ ನಮ್ಮ ಟೈಲರ್ ಹೇಳಿದಾಗ ನಾವು ಬೆರಳು ಮಡಚಿ ಎಣಿಸುತ್ತೇವಾ? ಎರಡು ವಾರ ಅಂತ ತಿಳಿಯುತ್ತೇವೆ. ಇಂಗ್ಲಿಷಿನಲ್ಲಿ "ಟು ವೀಕ್ಸ್" ಅಂತ ಬರೆಯಿರಿ. ಕರಾರು ಪತ್ರದಲ್ಲಿ ಮಾತ್ರ 15 ಅಂದರೆ 15.

ಕನ್ನಡದಲ್ಲಿ ಹೇಳಿಕೊಂಡರೆ ಸರಿಯಾದ ಇಂಗ್ಲಿಷ್ ಹೇಗೆ ಸಿಗುತ್ತದೆ ಅನ್ನುವುದಕ್ಕೆ ನನಗೆ ಇಷ್ಟದ ಉದಾಹರಣೆ ಇದು. ತೊಮಾರ್ ಎಲ್ ಪೇಲೊ, ಅಕ್ಷರಶಃ ಕೂದಲು ಹಿಡಿಯುವುದು. ನುಡಿಗಟ್ಟುಗಳ ಪಟ್ಟಿಗಳಲ್ಲಿ ಇದಕ್ಕೆ "ಪುಲ್ ಸಮ್‌ವನ್ಸ್ ಲೆಗ್" ಅಂತಲೇ ಇರುತ್ತದೆ. ಒಬ್ಬ ಗಿರಾಕಿ ಮೂರನೇ ಸಲ ದೂರು ಬರೆದಿದ್ದ: "ಮೆ ಎಸ್ತಾನ್ ತೊಮಾಂದೊ ಎಲ್ ಪೇಲೊ." ಪಟ್ಟಿ ನಂಬಿದರೆ "ದೇ ಆರ್ ಪುಲಿಂಗ್ ಮೈ ಲೆಗ್". ಸಿಟ್ಟಿನಿಂದ ಕುದಿಯುತ್ತಿರುವ ಮನುಷ್ಯ ತಮಾಷೆ ಮಾಡಿದ ಹಾಗೆ ಕೇಳುತ್ತದೆ. ಕನ್ನಡದಲ್ಲಿ ಹೇಳಿಕೊಂಡೆ. "ಕಾಲೆಳೀತಿದ್ದಾರೆ" ಅನ್ನಿಸಲಿಲ್ಲ. "ನನ್ನ ಕಿವಿ ಮೇಲೆ ಹೂವಿಡ್ತಿದ್ದಾರೆ" ಅಂತ ಬಂತು. ಸಿಕ್ಕಿತು. "ದೇ ಆರ್ ಟೇಕಿಂಗ್ ಮಿ ಫಾರ್ ಎ ಫೂಲ್."

ಹಾಗಂತ ಕನ್ನಡ ಎಲ್ಲ ಕಡೆ ಕೈಹಿಡಿಯುವುದಿಲ್ಲ. ಸ್ಪೇನ್‌ನ ಹುಡುಗರು ಒಬ್ಬರನ್ನೊಬ್ಬರು "ತೀಯೊ" ಅಂತ ಕರೆಯುತ್ತಾರೆ. ಪದದ ಅರ್ಥ ಚಿಕ್ಕಪ್ಪ, ಮಾವ. ನಮ್ಮ "ಗುರು", "ಮಗಾ" ಇದ್ದ ಹಾಗೆ. ಗುರು ಅಂದಮಾತ್ರಕ್ಕೆ ಪಾಠ ಹೇಳಿಕೊಟ್ಟವನಲ್ಲ. ಆದರೆ ಭಾರತದವರು "ಅಂಕಲ್" ಅಂತ ಇಂಗ್ಲಿಷಿನಲ್ಲಿ ಬರೆದುಬಿಡುವ ಅಪಾಯ ಇದೆ, ನಮ್ಮಲ್ಲಿ ಪರಿಚಯ ಇಲ್ಲದವರೂ ಅಂಕಲ್ಲೇ ಆದ್ದರಿಂದ. ಅಲ್ಲಿ ಬೇಕಾದದ್ದು "ಮೇಟ್", "ಡ್ಯೂಡ್", "ಮ್ಯಾನ್".

ಹೆಜ್ಜೆ 4: ಪುಟ್ಟ ಪದಗಳ ಮುಂದೆ ನಿಧಾನಿಸಿ

ದೊಡ್ಡ ಪದ ಬಂದರೆ ನಿಘಂಟು ತೆಗೆಯುತ್ತೇವೆ. ಪುಟ್ಟ ಪದ ಬಂದರೆ ಗೊತ್ತು ಅಂದುಕೊಂಡು ಓಡುತ್ತೇವೆ. ಎಡವುವುದು ಅಲ್ಲೇ.

ಯಾ. ನಿಘಂಟಿನಲ್ಲಿ "ಈಗಾಗಲೇ" ಅಂತಿದೆ. ಬಳಕೆಯಲ್ಲಿ ಅದು ನಮ್ಮ "ಆಯ್ತು" ಪದದ ಅಣ್ಣ. "ಯಾ?" ಅಂತ ಕೇಳಿದರೆ "ಆಯ್ತಾ?" "ಯಾ, ಯಾ" ಅಂದರೆ "ಆಯ್ತಾಯ್ತು", ಅಂದರೆ ಒಪ್ಪಿದ್ದಾನೋ ನಂಬಿಲ್ಲವೋ ಅಂತ ದನಿಯೇ ಹೇಳಬೇಕು. "ಯಾ ನೊ" ಅಂದರೆ ಇನ್ನು ಮುಂದೆ ಇಲ್ಲ. "ಯಾ ಬೊಯ್" ಅಂದರೆ ಅಕ್ಷರಶಃ "ಈಗಾಗಲೇ ಹೋಗ್ತೀನಿ", ಅರ್ಥ "ಬಂದೆ!" ನಾವು ಇನ್ನೂ ಬಂದಿಲ್ಲದಿದ್ದರೂ "ಬಂದೆ ಬಂದೆ" ಅಂತ ಕೂಗುತ್ತೇವೆ. ಅವರು ಬರುವುದಕ್ಕೆ ಹೋಗುತ್ತೇನೆ ಅನ್ನುತ್ತಾರೆ. ಇಂಗ್ಲಿಷಿನವರು "ಕಮಿಂಗ್!" ಅನ್ನುತ್ತಾರೆ. ಮೂವರೂ ಇನ್ನೂ ಕುರ್ಚಿ ಬಿಟ್ಟು ಎದ್ದಿರುವುದಿಲ್ಲ.

ಅಓರೀತಾ. ಅಓರಾ ಅಂದರೆ ಈಗ. ಅದನ್ನು ಮುದ್ದುಮಾಡಿ ಚಿಕ್ಕದಾಗಿಸಿದರೆ ಅಓರೀತಾ. ಚಿಕ್ಕದಾದರೆ "ಈಗಿಂದೀಗಲೇ" ಆಗಬೇಕಿತ್ತು. ಮೆಕ್ಸಿಕೋದಲ್ಲಿ ಅದು ಈಗಲೂ ಆಗಬಹುದು, ಅರ್ಧ ಗಂಟೆಯೂ ಆಗಬಹುದು, ಯಾವತ್ತೂ ಇಲ್ಲ ಅಂತಲೂ ಆಗಬಹುದು. ಪೋರ್ಟೊ ರಿಕೊದಲ್ಲಿ ಅದು ಸಾಮಾನ್ಯವಾಗಿ "ಆಮೇಲೆ". ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆದು ದೆವ್ವವನ್ನೇ ವಾಪಸ್ ಕಳಿಸಿದ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಂಗ್ಲಿಷಿನಲ್ಲಿ "ರೈಟ್ ನೌ" ಅಂತ ಬರೆದರೆ ನೀವು ಅವರ ಪರವಾಗಿ ಮಾತು ಕೊಟ್ಟ ಹಾಗೆ. "ಇನ್ ಎ ಬಿಟ್" ಅಂತ ಬರೆದರೆ ಮೂಲದಷ್ಟೇ ಸಡಿಲವಾಗಿರುತ್ತದೆ.

ಆಸ್ತಾ. ನಾನು ಜಾಸ್ತಿ ಹೆದರುವ ಪದ ಇದು. ನಿಘಂಟಿನ ಮೊದಲ ಅರ್ಥ "ವರೆಗೆ". "ಅಬ್ರೀಮೋಸ್ ಆಸ್ತಾ ಲಾಸ್ ದಿಯೇಸ್" ಅಂದರೆ ಸ್ಪೇನ್‌ನಲ್ಲಿ ಹತ್ತು ಗಂಟೆವರೆಗೆ ತೆರೆದಿರುತ್ತೇವೆ. ಮೆಕ್ಸಿಕೋದಲ್ಲಿ ಅದೇ ವಾಕ್ಯ ಹತ್ತು ಗಂಟೆವರೆಗೆ ತೆರೆಯುವುದಿಲ್ಲ, ಹತ್ತಕ್ಕೇ ತೆರೆಯುವುದು ಅಂತ ಆಗಬಹುದು. ಒಂದೂ ಅಕ್ಷರ ಬದಲಾಗಿಲ್ಲ, ಅರ್ಥ ತಿರುಗುಮುರುಗು. ಮಧ್ಯ ಅಮೆರಿಕ, ಕೊಲಂಬಿಯಾದಲ್ಲೂ ಈ ಬಳಕೆ ಇದೆ. ಸಮಯದ ಜೊತೆ ಆಸ್ತಾ ಕಂಡರೆ ಮೊದಲ ಹೆಜ್ಜೆಗೆ ವಾಪಸ್ ಹೋಗಿ ಊರು ನೋಡಿಕೊಂಡು ಬನ್ನಿ.

ಒಂದೇ ಸ್ವರ ಅರ್ಥ ಬದಲಿಸುವ ಕಡೆಯೂ ಇದೆ. "ಔಂಕೆ ಯ್ವೇಬೆ" ಅಂದರೆ ಮಳೆ ಬರ್ತಿದ್ದರೂ. "ಔಂಕೆ ಯ್ವೇಬಾ" ಅಂದರೆ ಮಳೆ ಬಂದರೂ. ಮೊದಲನೆಯದರಲ್ಲಿ ಮಳೆ ನಿಜವಾಗಿ ಸುರಿಯುತ್ತಿದೆ, "ಈವನ್ ದೋ". ಎರಡನೆಯದರಲ್ಲಿ ಬಂದರೂ ಬರಬಹುದು, "ಈವನ್ ಇಫ್". ಇಲ್ಲೂ ಕನ್ನಡ ದಾರಿ ತೋರಿಸಿತು, ನೋಡಿ. ಪದಗಳ ಕ್ರಮ ಬದಲಾದರೂ ಅರ್ಥ ಬದಲಾಗುತ್ತದೆ: "ಉನ್ ಬಿಯೇಹೊ ಅಮೀಗೊ" ಹಳೆಯ ಗೆಳೆಯ, "ಉನ್ ಅಮೀಗೊ ಬಿಯೇಹೊ" ವಯಸ್ಸಾದ ಗೆಳೆಯ. ಇಂಗ್ಲಿಷಿನ "ಓಲ್ಡ್ ಫ್ರೆಂಡ್" ಮೊದಲನೆಯದಕ್ಕೆ ಮಾತ್ರ ಸಲ್ಲುತ್ತದೆ.

ಹೆಜ್ಜೆ 5: ನುಡಿಗಟ್ಟು ಬಂದರೆ ಚಿತ್ರ ಬೇಕೋ, ಅರ್ಥ ಬೇಕೋ ತೀರ್ಮಾನಿಸಿ

"ಮೆ ಇಂಪೋರ್ತಾ ಉನ್ ಕೊಮೀನೊ" ಅಂದರೆ ಅದು ನನಗೆ ಒಂದು ಜೀರಿಗೆ ಕಾಳಿನಷ್ಟೂ ಲೆಕ್ಕಕ್ಕಿಲ್ಲ. "ಐ ಕುಡ್ನ್ಟ್ ಕೇರ್ ಲೆಸ್" ಅಂದರೆ ಮುಗಿಯಿತು, ಜೀರಿಗೆ ಹೋದರೆ ಹೋಗಲಿ. "ಉನ್ ಓಹೊ ದೆ ಲಾ ಕಾರಾ", ಮುಖದ ಒಂದು ಕಣ್ಣಿನಷ್ಟು ಬೆಲೆ, ಇಂಗ್ಲಿಷಿನಲ್ಲಿ ಒಂದು ಕೈ ಒಂದು ಕಾಲು ಆಗುತ್ತದೆ. ಹೀಗೆ ಜೋಡಿ ಸಿಕ್ಕಿದಾಗ ಖುಷಿ. ಸಿಗದಿದ್ದರೆ ನೇರ ಅರ್ಥ ಬರೆಯಿರಿ, ಯಾರೂ ಬೈಯುವುದಿಲ್ಲ. ಕಥೆಯಲ್ಲಿ ಆ ಚಿತ್ರದ ಮೇಲೇ ಮುಂದಿನ ತಮಾಷೆ ನಿಂತಿದ್ದರೆ ಮಾತ್ರ ಚಿತ್ರ ಉಳಿಸಿಕೊಳ್ಳಿ.

ಒಂದೇ ಪದದ ಸುತ್ತ ಬೇರೆ ಬೇರೆ ಗಟ್ಟುಗಳಿದ್ದರೆ ಹುಷಾರು. ಪಾತಾ ಅಂದರೆ ಪ್ರಾಣಿಯ ಕಾಲು. ಮೆತೇರ್ ಲಾ ಪಾತಾ, ಕಾಲು ತೂರಿಸುವುದು, ಅಂದರೆ ಎಡವಟ್ಟು ಮಾಡುವುದು. ಎಸ್ತಿರಾರ್ ಲಾ ಪಾತಾ, ಕಾಲು ಚಾಚುವುದು, ಅಂದರೆ ಗೊಟಕ್ ಅನ್ನುವುದು. ಇವೆರಡು ಅದಲುಬದಲಾದರೆ ಆಫೀಸಿನಲ್ಲಿ ಎಡವಟ್ಟು ಮಾಡಿದವನ ಮನೆಗೆ ಹೂವಿನ ಹಾರ ಹೋಗುತ್ತದೆ.

ಗಾದೆಗಳನ್ನು ಅವರು ಅರ್ಧ ಹೇಳಿ ಬಿಡುತ್ತಾರೆ. "ಕಾಮರೋನ್ ಕೆ ಸೆ ದ್ವೇರ್ಮೆ", ನಿದ್ದೆ ಹೋದ ಸಿಗಡಿ, ಅಂದು ನಿಲ್ಲಿಸುತ್ತಾರೆ. ಉಳಿದದ್ದು ಕೇಳುವವರಿಗೆ ಗೊತ್ತು: ಅದನ್ನು ಹೊಳೆ ಹೊತ್ತುಕೊಂಡು ಹೋಗುತ್ತದೆ. ವಾಕ್ಯ ಅಪೂರ್ಣ ಅಂತ ಅನುವಾದಕರು ಗಾಬರಿಯಾಗುತ್ತಾರೆ. "ಯು ಸ್ನೂಸ್, ಯು ಲೂಸ್" ಅಂತ ಪೂರ್ತಿ ಮಾಡಿ.

ಹೆಜ್ಜೆ 6: ಬೈಗುಳದ ಕಾವು ಮುಟ್ಟಿ ನೋಡಿ

ಮೆಕ್ಸಿಕೋದಲ್ಲಿ ಅಪ್ಪ ಅಮ್ಮನ ಹೆಸರಿನಲ್ಲಿ ಏನೆಲ್ಲ ಇದೆ ಅಂತ ಎಣಿಸಲಾಗದು. "ಕೆ ಪಾದ್ರೆ", ಅಂದರೆ "ಎಂಥಾ ಅಪ್ಪ", ಅರ್ಥ "ಸೂಪರ್". ಮಕ್ಕಳ ಮುಂದೂ ಹೇಳಬಹುದು. "ಆ ತೋದಾ ಮಾದ್ರೆ" ಅಂದರೂ ಸೂಪರ್, ಆದರೆ ಸ್ವಲ್ಪ ಒರಟು. "ದೆ ಪೋಕಾ ಮಾದ್ರೆ" ಅಂದರೆ ಸಖತ್ತಾಗಿದೆ. ಅದೇ "ಕೆ ಪೋಕಾ ಮಾದ್ರೆ" ಅಂದರೆ ನಾಚಿಕೆಗೆಟ್ಟವನು. ಮೊದಲ ಪದ ದೆ ಇದೆಯೋ ಕೆ ಇದೆಯೋ, ಅಷ್ಟರಲ್ಲಿ ಹೊಗಳಿಕೆ ತೆಗಳಿಕೆಯಾಯಿತು.

ಅಳತೆ ಹೇಗೆ? ಇಲ್ಲೂ ನಾನು ಕನ್ನಡದ ಬೈಗುಳವನ್ನೇ ಮುಟ್ಟಿ ನೋಡುತ್ತೇನೆ. "ನಿನ್ನಜ್ಜಿ!" ಅನ್ನುವಷ್ಟು ಕಾವೋ, ಅಥವಾ ಮನೆಯಲ್ಲಿ ಹಿರಿಯರಿದ್ದಾಗ ಬಾಯಿಗೇ ಬರದಂಥದ್ದೋ? ಮೊದಲನೆಯದಾದರೆ ಇಂಗ್ಲಿಷಿನಲ್ಲಿ "ಡ್ಯಾಮ್" ಸಾಕು. ಎರಡನೆಯದಾದರೆ ಖಾರದ್ದೇ ಹಾಕಿ, ತೊಳೆದು ಇಡಬೇಡಿ. ಗಿರಾಕಿ ಎಷ್ಟು ಸಿಟ್ಟಾಗಿದ್ದಾನೆ ಅಂತ ಮ್ಯಾನೇಜರ್‌ಗೆ ಗೊತ್ತಾಗಬೇಕಲ್ಲ.

ಹೆಜ್ಜೆ 7: ಇಂಗ್ಲಿಷ್ ವೇಷ ಹಾಕಿದ ಪದಗಳನ್ನು ನಂಬಬೇಡಿ

ಎಂಬರಸಾದಾ ಅಂದರೆ ಗರ್ಭಿಣಿ, ಮುಜುಗರಪಟ್ಟವಳಲ್ಲ. ಸ್ಪೇನ್‌ನಲ್ಲಿ ಕೊನ್‌ಸ್ತಿಪಾದೊ ಅಂದರೆ ನೆಗಡಿಯಾದವನು, ಮಲಬದ್ಧತೆ ಇರುವವನಲ್ಲ. ಇವನ್ನು ಎಲ್ಲರೂ ನಗುತ್ತಾ ಹೇಳುತ್ತಾರೆ. ನಗು ಬಾರದ ಒಂದು ಪ್ರಸಂಗವೂ ಇದೆ.

1980, ಅಮೆರಿಕದ ಫ್ಲಾರಿಡಾ. 18 ವರ್ಷದ ಹುಡುಗನೊಬ್ಬ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆಸ್ಪತ್ರೆಗೆ ಬಂದ. ಮನೆಯವರು ಕ್ಯೂಬಾ ಮೂಲದವರು. ತಿಂದದ್ದೇನೋ ವಿಷವಾಗಿದೆ ಅಂದುಕೊಂಡು "ಇಂತೊಕ್ಸಿಕಾದೊ" ಅಂದರು. ಅಲ್ಲಿದ್ದವರಿಗೆ ಅದು "ಇಂಟಾಕ್ಸಿಕೇಟೆಡ್" ಅಂತ ಕೇಳಿಸಿತು. ಮಾದಕ ಪದಾರ್ಥ ಜಾಸ್ತಿ ತಗೊಂಡಿದ್ದಾನೆ ಅಂತ ಅದಕ್ಕೆ ಚಿಕಿತ್ಸೆ ಶುರುವಾಯಿತು. ದುಭಾಷಿಯನ್ನು ಕರೆಯಲಿಲ್ಲ. ನಿಜವಾಗಿ ಆಗಿದ್ದು ಮಿದುಳಿನಲ್ಲಿ ರಕ್ತಸ್ರಾವ. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು, ಹುಡುಗನ ಕೈಕಾಲು ನಾಲ್ಕೂ ಸ್ವಾಧೀನ ತಪ್ಪಿದವು. ಪರಿಹಾರದ ಒಪ್ಪಂದ ಸುಮಾರು 7.1 ಕೋಟಿ ಡಾಲರಿನದು. ಮನೆಯವರು ಹೇಳಿದ ಪದವೂ ಸರಿ, ಕೇಳಿಸಿಕೊಂಡವರಿಗೆ ಹೊಳೆದ ಪದವೂ ನಿಘಂಟಿನಲ್ಲಿದೆ. ನಡುವೆ "ಏನು ತಿಂದಿದ್ದ?" ಅನ್ನುವ ಒಂದು ಪ್ರಶ್ನೆ ಬೇಕಿತ್ತು.

ಔಷಧಿಯ ಚೀಟಿಯಲ್ಲಿ ಇನ್ನೊಂದು ಹಳ್ಳ. ಇಂಗ್ಲಿಷಿನ "ಒನ್ಸ್" ಬರೆಯುವ ಅದೇ ನಾಲ್ಕು ಅಕ್ಷರ ಸ್ಪ್ಯಾನಿಷ್‌ನಲ್ಲಿ ಓನ್ಸೆ, ಅಂದರೆ ಹನ್ನೊಂದು. ದಿನಕ್ಕೊಂದು ಸಲದ ಮಾತ್ರೆ ಏನಾಗಬಹುದು ಯೋಚಿಸಿ. ಸಂಖ್ಯೆಗಳಲ್ಲಿ ಬಿಯೋನ್ ನೆನಪಿಡಿ. ಅದು ಒಂದು ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ ನೂರು ಕೋಟಿ. ಸ್ಪೇನ್, ಅರ್ಜೆಂಟೀನಾದಲ್ಲಿ 1.500 ಅಂದರೆ ಒಂದೂವರೆ ಸಾವಿರ, ಒಂದೂವರೆ ಅಲ್ಲ. ಮೆಕ್ಸಿಕೋದವರಾದರೆ ನಮ್ಮ ಹಾಗೆ ಚುಕ್ಕಿಯನ್ನು ದಶಮಾಂಶಕ್ಕೇ ಇಡುತ್ತಾರೆ.

ಅಂದಹಾಗೆ, ಈ ವಿಷಯ ಬಂದಾಗಲೆಲ್ಲ ಶೆವರ್ಲೆ ನೋವಾ ಕಾರಿನ ಕಥೆ ಹೇಳುವವರಿದ್ದಾರೆ. "ನೊ ಬಾ" ಅಂದರೆ "ಹೋಗಲ್ಲ" ಅಂತ ಅರ್ಥ, ಅದಕ್ಕೇ ಸ್ಪ್ಯಾನಿಷ್ ನಾಡುಗಳಲ್ಲಿ ಮಾರಾಟವಾಗಲಿಲ್ಲ ಅಂತ. ಕಟ್ಟುಕಥೆ. ಕಾರು ಮೆಕ್ಸಿಕೋ, ವೆನೆಜುವೆಲಾದಲ್ಲಿ ಚೆನ್ನಾಗಿಯೇ ಹೋಯಿತು. ಮೆಕ್ಸಿಕೋದ ಸರ್ಕಾರಿ ಕಂಪನಿಯ ಪೆಟ್ರೋಲಿಗೇ ನೋವಾ ಅಂತ ಹೆಸರಿತ್ತು. ಮಿತ್ಸುಬಿಶಿ ಪಜೇರೊ ಮಾತ್ರ ಅಲ್ಲಿ ಮೊಂತೇರೊ ಅನ್ನುವ ಹೆಸರಿನಲ್ಲಿ ಮಾರಾಟವಾಯಿತು. ಮೂಲ ಹೆಸರು ಆ ಭಾಷೆಯಲ್ಲಿ ಕೊಳಕು ಮಾತು.

ಹೆಜ್ಜೆ 8: ಪರೀಕ್ಷಿಸಿ, ಗೊತ್ತಾಗದಿದ್ದರೆ ಕೇಳಿ

ಸ್ಪೇನ್‌ನ ರಾಯಲ್ ಅಕಾಡೆಮಿ ಶುರುವಾದದ್ದು 1713ರಲ್ಲಿ. ಅದರ ನಿಘಂಟು ಇಂಟರ್ನೆಟ್‌ನಲ್ಲಿ ಪುಕ್ಕಟೆ. ಅಮೆರಿಕ ಖಂಡದ ಬಳಕೆಗಳಿಗೆ 2010ರಲ್ಲಿ ಬಂದ ಬೇರೆಯದೇ ನಿಘಂಟು ಇದೆ. ಅದರಲ್ಲಿ ಅರ್ಥದ ಪಕ್ಕ ದೇಶದ ಸಂಕ್ಷಿಪ್ತ ಹೆಸರು ಇರುತ್ತದೆ. ನನಗೆ ಅರ್ಥಕ್ಕಿಂತ ಆ ಪಕ್ಕದ ಅಕ್ಷರಗಳೇ ಮುಖ್ಯ. ಯಂತ್ರಾನುವಾದವನ್ನು ಬಳಸಿ, ಬೇಡ ಅನ್ನುವುದಿಲ್ಲ. ಪ್ರಸಿದ್ಧ ನುಡಿಗಟ್ಟು ಅದಕ್ಕೆ ಗೊತ್ತು. ಬರೆದವರ ಊರು ನೀವು ಹೇಳದಿದ್ದರೆ ಅದಕ್ಕೆ ಗೊತ್ತಿರುವುದಿಲ್ಲ.

ಇಷ್ಟಾದ ಮೇಲೂ ಎರಡರ್ಥ ಉಳಿದರೆ ಬರೆದವರನ್ನು ಕೇಳಿ. "ಈ ಸಾಲಿನ ಅರ್ಥ ಏನು?" ಅಂತ ಕೇಳಬೇಡಿ. ಅವರು ಅದೇ ಸಾಲನ್ನು ಇನ್ನೊಮ್ಮೆ ಬರೆದು ಕಳಿಸುತ್ತಾರೆ. "ಹತ್ತಕ್ಕೆ ಬಾಗಿಲು ತೆರೆಯುತ್ತದೋ, ಮುಚ್ಚುತ್ತದೋ?" ಅಂತ ಎರಡರಲ್ಲಿ ಒಂದು ಆರಿಸುವ ಹಾಗೆ ಕೇಳಿ. ಬರೆದವರು ಬೇಕೆಂದೇ ಎರಡರ್ಥ ಇಟ್ಟಿದ್ದರೆ, ಉದಾಹರಣೆಗೆ ಜಾಹೀರಾತಿನಲ್ಲಿ, ಇಂಗ್ಲಿಷಿನಲ್ಲೂ ಎರಡರ್ಥ ಉಳಿಸಲು ನೋಡಿ. ಆಸ್ಪತ್ರೆ, ಕೋರ್ಟು, ಹಣದ ವಿಷಯದಲ್ಲಿ ಊಹೆ ಬೇಡವೇ ಬೇಡ.

ಒಂದು ಸಂದೇಶ, ಶುರುವಿನಿಂದ ಕೊನೆವರೆಗೆ

ಮೆಕ್ಸಿಕೋದ ಗೋದಾಮೊಂದರಿಂದ ನಮ್ಮ ಪ್ರಾಜೆಕ್ಟಿನ ಎಂಜಿನಿಯರ್‌ಗೆ ಒಂದು ಸಂದೇಶ ಬಂತು:

"ಇನ್‌ಹೆನಿಯೇರೊ, ಅಓರೀತಾ ಲೆ ಮಾರ್ಕೊ. ಮೆ ದಾ ಮುಚಾ ಪೇನಾ, ಸೆ ನೋಸ್ ಕಾಯೋ ಎಲ್ ಸಿಸ್ತೇಮಾ. ಮನ್ಯಾನಾ ಅಬ್ರೀಮೋಸ್ ಆಸ್ತಾ ಲಾಸ್ ದಿಯೇಸ್. ನಿ ಮೋದೊ."

ಊರು ಗೊತ್ತಿದೆ. ಇನ್‌ಹೆನಿಯೇರೊ ಅಂದರೆ ಎಂಜಿನಿಯರ್. ಅಲ್ಲಿ ಓದಿನ ಪದವಿ ಹಿಡಿದು ಗೌರವದಿಂದ ಕರೆಯುತ್ತಾರೆ, ನಮ್ಮ "ಸಾರ್" ಹಾಗೆ. ಇಂಗ್ಲಿಷಿನಲ್ಲಿ "ಎಂಜಿನಿಯರ್, ಐ ವಿಲ್ ಕಾಲ್ ಯು" ಅಂದರೆ ಚೆನ್ನಾಗಿ ಕೇಳಿಸದು. "ಸರ್" ಸಾಕು. ಲೆ ("ನಿಮಗೆ") ಅಂದಿದ್ದಾರೆ, ತೆ ("ನಿನಗೆ") ಅಲ್ಲ. ಹಾಗಾದರೆ ನೀವು. ಪೇನಾ ಮೆಕ್ಸಿಕೋದ್ದು, ಆದ್ದರಿಂದ ದುಃಖ ಅಲ್ಲ, ಮುಜುಗರ. ಇಲ್ಲಿ ಕ್ಷಮೆ ಕೇಳುವ ದನಿ.

"ಸೆ ನೋಸ್ ಕಾಯೋ ಎಲ್ ಸಿಸ್ತೇಮಾ", ಸಿಸ್ಟಮ್ ನಮ್ಮ ಕೈಯಿಂದ ಬಿತ್ತು. ನಮ್ಮ ಬ್ಯಾಂಕಿನ ಕೌಂಟರಿನ "ಸರ್ವರ್ ಡೌನ್ ಸಾರ್". ಯಾರ ತಪ್ಪೂ ಅಲ್ಲ ಅನ್ನುವ ವಾಕ್ಯ. ಮೆಕ್ಸಿಕೋದಲ್ಲಿ ಈ ಮಾತಿಗೆ ಇನ್ನೊಂದು ನೆನಪೂ ಅಂಟಿದೆ. 1988ರ ಜುಲೈನ ಅಧ್ಯಕ್ಷ ಚುನಾವಣೆಯಲ್ಲಿ ಮತ ಎಣಿಕೆಯ ಮಾಹಿತಿ ನಡುವೆ ನಿಂತುಹೋಯಿತು. ಆಗಿನಿಂದ "ಸೆ ಕಾಯೋ ಎಲ್ ಸಿಸ್ತೇಮಾ" ಅನ್ನುವುದು ಚುನಾವಣಾ ಅಕ್ರಮಕ್ಕೆ ಅಡ್ಡಹೆಸರಾಯಿತು. ಕಾಯೋ ಅಂದರೆ ಬಿತ್ತು, ಬೇರೆ ಅಕ್ಷರದಲ್ಲಿ ಬರೆದರೆ ಸುಮ್ಮನಾಯಿತು ಅಂತಲೂ ಆಗುತ್ತದೆ, ಉಚ್ಚಾರ ಒಂದೇ. ರಾಜಕೀಯದ ಬರಹದಲ್ಲಿ ಈ ಮಾತು ಬಂದರೆ ಬರೀ ಕಂಪ್ಯೂಟರ್ ಕೆಟ್ಟಿತು ಅಂತ ತಿಳಿಯಬೇಡಿ. ಗೋದಾಮಿನವರು ಪಾಪ, ಕಂಪ್ಯೂಟರ್ ಬಗ್ಗೆಯೇ ಹೇಳಿದ್ದು.

ನಿ ಮೋದೊ ಅಂದರೆ "ಏನ್ ಮಾಡೋಕಾಗುತ್ತೆ". ಇಂಗ್ಲಿಷಿನಲ್ಲಿ "ನಥಿಂಗ್ ವಿ ಕ್ಯಾನ್ ಡು". ನಮ್ಮಷ್ಟು ತಣ್ಣಗೆ ಕೇಳಿಸುವುದಿಲ್ಲ, ಆದರೂ ಪರವಾಗಿಲ್ಲ.

ಕೊನೆಗೆ ಬರೆದದ್ದು: "ಸರ್, ಐ ವಿಲ್ ಕಾಲ್ ಯು ಇನ್ ಎ ಬಿಟ್. ಐ ಆಮ್ ಸೋ ಸಾರಿ, ಅವರ್ ಸಿಸ್ಟಮ್ ವೆಂಟ್ ಡೌನ್. ಟುಮಾರೊ ವಿ ವೋಂಟ್ ಓಪನ್ ಅನ್ಟಿಲ್ ಟೆನ್. ನಥಿಂಗ್ ವಿ ಕ್ಯಾನ್ ಡು." ಮೂರನೇ ವಾಕ್ಯಕ್ಕೆ ಹಳದಿ ಬಣ್ಣ ಬಳಿದು, ಪಕ್ಕದಲ್ಲಿ "ಹತ್ತಕ್ಕೆ ತೆರೆಯುವುದು ಅಂತ ತಿಳಿದಿದ್ದೇನೆ, ಮುಚ್ಚುವುದೂ ಆಗಿರಬಹುದು, ಖಚಿತಪಡಿಸುವವರೆಗೆ ಲಾರಿ ಕಳಿಸಬೇಡಿ" ಅಂತ ಟಿಪ್ಪಣಿ ಹಾಕಿದೆ. ಗೋದಾಮಿಗೂ ಬರೆದು ಕೇಳಿದೆ: ನಾಳೆ ಹತ್ತಕ್ಕೆ ಬಾಗಿಲು ತೆರೆಯುತ್ತದೋ, ಮುಚ್ಚುತ್ತದೋ?

ಒಂದು ನಿಮಿಷದಲ್ಲಿ ಉತ್ತರ ಬಂತು: "ಅಓರೀತಾ ಲೆ ಕೊನ್‌ಫೀರ್ಮೊ." ಈಗಲೇ ಖಚಿತಪಡಿಸ್ತೀನಿ ಅಂತ.